ಅರ್ಥ ಆಯ್ತಾ?

2020ರ ಜುಲೈ ತಿಂಗಳು. ಬೈಕುಲ್ಲಾದ ನಮ್ಮ ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಕಪಾಟಿನ ಬಾಗಿಲಿಗೆ ಬಿಳಿ ಬೆಡ್‌ಶೀಟ್ ಸಿಕ್ಕಿಸಿ, ಸ್ಟೂಲಿನ ಮೇಲೆ ಎರಡು ಅಕ್ಕಿ ಡಬ್ಬ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಬದುಕಿನಲ್ಲಿ ಮೊದಲ ಬಾರಿಗೆ ಪಾಠ ಮಾಡಿದೆ. ಗಂಡ ಹೊರಗೆ ಗ್ಯಾಲರಿಯಲ್ಲಿ ನಿಂತು ಆಫೀಸಿನವರೊಡನೆ ಫೋನಿನಲ್ಲಿದ್ದ. ನಾಲ್ಕನೆಯ ಕ್ಲಾಸಿನ ಮಗಳು ಅಡುಗೆ ಕಟ್ಟೆಯ ಕೆಳಗೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳು. ಅಪ್ಪ ಮಂಚದ ಮೇಲೆ ಗೋಡೆಗೊರಗಿ, ಮೊಮ್ಮಗಳ ಕಡೆ ಒಂದು ಕಣ್ಣು, ನನ್ನ ಕಡೆ ಒಂದು ಕಣ್ಣು ಇಟ್ಟಿದ್ದರು. ಲೋಕಲ್ ಹೋಗುವಾಗ ಮಾತು ಅರ್ಧಕ್ಕೆ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದು ಸ್ಟೇಷನ್ ಪಕ್ಕದ ನಮ್ಮ ಓಣಿಯವರ ಅಭ್ಯಾಸ. ಆ ದಿನಗಳಲ್ಲಿ ಅಗತ್ಯ ಸೇವೆಯವರಿಗೆಂದು ಕೆಲವೇ ಗಾಡಿಗಳು ಓಡುತ್ತಿದ್ದವು. ಹಾಗಾಗಿ ನನ್ನ ಪಾಠವನ್ನು ನಿಲ್ಲಿಸುವವರು ಯಾರೂ ಇರಲಿಲ್ಲ.

ಪಾಠ ಕೇಳುತ್ತಿದ್ದವರು ಹನ್ನೊಂದು ಮಂದಿ. ಒಂದು ಕನ್ನಡ ರಾತ್ರಿ ಶಾಲೆಯ ಹತ್ತನೆಯ ತರಗತಿಯವರು. ಹಗಲು ಹೋಟೆಲು, ಕ್ಯಾಂಟೀನು, ಅಂಗಡಿಗಳಲ್ಲಿ ದುಡಿಯುವವರು. ಲಾಕ್‌ಡೌನ್ ಆದ ಮೇಲೆ ಅರ್ಧ ಜನ ಊರಿಗೆ ಹೋಗಿದ್ದರು, ಉಳಿದವರು ಇಲ್ಲೇ ಪಾರ್ಸೆಲ್ ಕಟ್ಟುತ್ತಿದ್ದರು. ಅಲ್ಲಿನ ಮೇಷ್ಟ್ರೊಬ್ಬರು ಅಪ್ಪನ ಪರಿಚಯದವರು. ಒಂದು ಸಂಜೆ ಫೋನ್ ಮಾಡಿ, "ನಿಮ್ಮ ಮಗಳು ಅಕೌಂಟ್ಸಿನಲ್ಲಿ ಇದ್ದಾಳಲ್ಲ, ವಾರಕ್ಕೆ ಎರಡು ದಿನ ಮಕ್ಕಳಿಗೆ ಲೆಕ್ಕ ಹೇಳಿಕೊಡಬಹುದಾ?" ಎಂದು ಕೇಳಿದರು. ನನ್ನನ್ನು ಕೇಳುವ ಮೊದಲೇ ಅಪ್ಪ ಒಪ್ಪಿಬಿಟ್ಟಿದ್ದರು.

ಮಹಾರಾಷ್ಟ್ರದ ಹತ್ತನೆಯ ಗಣಿತದಲ್ಲಿ ಜಿಎಸ್‌ಟಿ, ಷೇರು, ಮ್ಯೂಚುವಲ್ ಫಂಡುಗಳ ಒಂದು ಪಾಠವಿದೆ. ಬಾಲಭಾರತಿಯವರು ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತಾರೆ. ಜಿಎಸ್‌ಟಿ ಎಂದರೆ ನನ್ನ ದಿನನಿತ್ಯದ ಅನ್ನ. ಎರಡು ರಾತ್ರಿ ಕೂತು 42 ಸ್ಲೈಡ್ ಮಾಡಿದೆ. ಬಾಣದ ಗುರುತು, ಬಣ್ಣದ ಚೌಕ, ನಡುನಡುವೆ ನಗುವ ಮುಖ. ಒಂದು ಗಂಟೆ ಐದು ನಿಮಿಷ ಮಾತಾಡಿದೆ. ಕೊನೆಗೆ ಕೇಳಿದೆ: "ಅರ್ಥ ಆಯ್ತಾ?"

"ಆಯ್ತು ಅಕ್ಕ" ಎಂದು ಮೂರು ದನಿ ಬಂತು. ಉಳಿದವರು ಹೆಬ್ಬೆರಳಿನ ಚಿತ್ರ ಹಾಕಿದರು. ನನಗೆ ಅಷ್ಟು ಖುಷಿಯಾಗಿತ್ತು ಅಂದರೆ, ಆ ರಾತ್ರಿ ಪಾಯಸ ಮಾಡಿದೆ.

ಮುಂದಿನ ಕ್ಲಾಸಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿದೆ. 240 ರೂಪಾಯಿಯ ಬಿಲ್ಲು, ಶೇಕಡಾ 5 ಜಿಎಸ್‌ಟಿ. ಕೇಂದ್ರಕ್ಕೆ ಎಷ್ಟು, ರಾಜ್ಯಕ್ಕೆ ಎಷ್ಟು, ಗಿರಾಕಿ ಒಟ್ಟು ಕೊಡಬೇಕಾದ್ದು ಎಷ್ಟು? ಯಾರೂ ಮಾತಾಡಲಿಲ್ಲ. ಒಬ್ಬನ ಮೈಕಿನಿಂದ ಎಣ್ಣೆಯಲ್ಲಿ ಏನೋ ಚುಂಯ್ ಎನ್ನುವ ಸದ್ದು ಬರುತ್ತಿತ್ತು. ಎರಡು ನಿಮಿಷ ಕಾದೆ. ಆಮೇಲೆ ನಾನೇ ಉತ್ತರ ಹೇಳಿದೆ, ಆರು, ಆರು, 252. "ಹೌದು ಅಕ್ಕ" ಎಂದರು.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅಪ್ಪ ಹೇಳಿದರು, "ನೀನು ಚಂದ ಮಾತಾಡ್ತಿ ಮಗಾ. ರೇಡಿಯೋದವರ ಹಾಗೆ."

ಅದು ಹೊಗಳಿಕೆಯಲ್ಲ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಪ್ಪ ಕಾರ್ಕಳದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಲೋಟ ತೊಳೆದು, ಸಂಜೆ ಆರೂವರೆಗೆ ರಾತ್ರಿ ಶಾಲೆಗೆ ಓಡಿದವರು. ಈ ಊರಿನ ಕನ್ನಡಿಗರಿಗೆ ಈ ಕಥೆ ಹೊಸದಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಫೋರ್ಟಿನ ಕನ್ನಡ ರಾತ್ರಿ ಶಾಲೆಗಳು ಎಷ್ಟು ಸಪ್ಲೈಯರ್ ಹುಡುಗರನ್ನು ಗುಮಾಸ್ತರನ್ನಾಗಿ, ವಕೀಲರನ್ನಾಗಿ, ಹೋಟೆಲ್ ಮಾಲೀಕರನ್ನಾಗಿ ಮಾಡಿದವು ಎಂಬುದನ್ನು ನಮ್ಮ ಹಿರಿಯರು ಪ್ರತಿ ವಾರ್ಷಿಕೋತ್ಸವದಲ್ಲೂ ಹೇಳುತ್ತಾರೆ. ಆದರೆ ಆ ಶಾಲೆಗಳಲ್ಲಿ ಪಾಠ ಹೇಗೆ ನಡೆಯುತ್ತಿತ್ತು ಎಂದು ನಾನು ಅಪ್ಪನನ್ನು ಅಲ್ಲಿಯ ತನಕ ಕೇಳಿಯೇ ಇರಲಿಲ್ಲ.

"ನಮ್ಮ ಮೇಷ್ಟ್ರೂ ಹಗಲು ಆಫೀಸಿಗೆ ಹೋಗಿ ಬಂದು ಸುಸ್ತಾದವರೇ" ಎಂದರು ಅಪ್ಪ. "ನಾವೂ ಸುಸ್ತು. ಒಂದು ಗಂಟೆ ಭಾಷಣ ಮಾಡಿದರೆ ಎಲ್ಲರೂ ಮಲಗಿಬಿಡ್ತಿದ್ದೆವು. ಹಾಗಾಗಿ ಅವರು ಹತ್ತು ನಿಮಿಷ ಹೇಳಿ, ಬೋರ್ಡಿನಲ್ಲಿ ಒಂದು ಲೆಕ್ಕ ಹಾಕಿ, ಬೆಂಚಿನ ಮಧ್ಯೆ ಬಂದು ನಿಲ್ತಿದ್ದರು. ಮಾಡಿದವನು ಮಾಡದವನಿಗೆ ಹೇಳಿಕೊಡಬೇಕು. ಮೇಷ್ಟ್ರು ಹೇಳಿದ್ದು ನನಗೀಗ ಒಂದೂ ನೆನಪಿಲ್ಲ. ಪಕ್ಕದವನಿಗೆ ನಾನು ಹೇಳಿಕೊಟ್ಟದ್ದು ಮಾತ್ರ ನೆನಪುಂಟು."

ಅಪ್ಪನ ಮಾತನ್ನು ಕೂಡಲೇ ಕೇಳಿದ್ದರೆ ನಾನು ಒಂದು ತಪ್ಪು ಮಾಡುತ್ತಿರಲಿಲ್ಲ. ನನಗೆ ಹೊಳೆದ ಪರಿಹಾರ ಬೇರೆ: ಮಕ್ಕಳು ಗಮನ ಕೊಡುತ್ತಿಲ್ಲ, ಎಲ್ಲರೂ ಕ್ಯಾಮೆರಾ ಹಾಕಬೇಕು. ಆಗಸ್ಟಿನ ಒಂದು ಕ್ಲಾಸಿನಲ್ಲಿ ಹಟ ಹಿಡಿದೆ. ಹತ್ತು ಜನ ಹಾಕಿದರು. ಒಬ್ಬ ಹಾಕಲಿಲ್ಲ. ಎರಡು ಸಲ ಹೇಳಿದೆ. ಮೂರನೆಯ ಸಲ ಎಲ್ಲರ ಮುಂದೆ, "ಕಲಿಯುವ ಮನಸ್ಸಿಲ್ಲದಿದ್ದರೆ ಯಾಕೆ ಬರ್ತಿ? ನನಗೂ ಕೆಲಸ ಉಂಟು" ಎಂದೆ. ಪರದೆಯಿಂದ ಅವನ ಹೆಸರಿನ ಚೌಕ ಮಾಯವಾಯಿತು. ಮತ್ತೆ ಬರಲಿಲ್ಲ.

ಹದಿನೈದು ದಿನ ಕಳೆದು ಮೇಷ್ಟ್ರು ಹೇಳಿದರು. ಅವನು ಎಂಟು ಜನರೊಡನೆ ಹೋಟೆಲಿನ ಹಿಂದಿನ ಸಾಮಾನಿನ ಕೋಣೆಯಲ್ಲಿ ಮಲಗುವವನು. ಹಿಂದೆ ಗೋಣಿ ಚೀಲ, ಹಗ್ಗದ ಮೇಲೆ ಎಂಟು ಜನರ ಒಳಬಟ್ಟೆ. ಅದನ್ನು ಯಾರೂ ನೋಡುವುದು ಅವನಿಗೆ ಬೇಡವಾಗಿತ್ತು. ನಾನು ಮಾತ್ರ ನನ್ನ ಕಪಾಟಿಗೆ ಬಿಳಿ ಬೆಡ್‌ಶೀಟ್ ಕಟ್ಟಿಕೊಂಡು ಕೂತಿದ್ದೆ. ಫೋನ್ ಮಾಡಿದೆ, ನಂಬರ್ ಬದಲಾಗಿತ್ತು. ನವಿ ಮುಂಬಯಿ ಕಡೆ ಹೋಗಿದ್ದಾನೆ ಎಂದು ಒಬ್ಬ ಹೇಳಿದ. ಶಾಲೆಯ ಕೋಣೆಯಲ್ಲಿ ಮೂವತ್ತು ಮಕ್ಕಳು ಒಂದೇ ಬೆಂಚು, ಒಂದೇ ಗೋಡೆಯ ಮುಂದೆ ಕೂರುತ್ತಾರೆ. ಆನ್‌ಲೈನಿನಲ್ಲಿ ಪ್ರತಿಯೊಬ್ಬನೂ ತನ್ನ ಮನೆಯನ್ನು ಹೊತ್ತುಕೊಂಡು ಬರಬೇಕಾಗುತ್ತದೆ. ಈ ಸಣ್ಣ ಸಂಗತಿ ನನಗೆ ಹೊಳೆಯಲು ಒಬ್ಬ ಹುಡುಗನ ಹತ್ತನೆಯ ಕ್ಲಾಸು ಹೋಯಿತು.

ಆ ಮೇಲೆ ಸ್ಲೈಡು ಬಿಟ್ಟೆ, ಕ್ಯಾಮೆರಾವನ್ನೂ ಬಿಟ್ಟೆ. ಉಳಿದ ಹತ್ತು ಮಂದಿಯಲ್ಲಿ ಎಷ್ಟು ಜನರ ಹತ್ತಿರ ಸ್ವಂತ ಫೋನ್ ಇದೆ, ದಿನಕ್ಕೆ ಎಷ್ಟು ಡೇಟಾ ಇದೆ, ಯಾವ ಹೊತ್ತಿಗೆ ಕೈ ಖಾಲಿ ಎಂದು ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆ. ಮೊದಲ ದಿನವೇ ಕೇಳಬೇಕಾದ ಪ್ರಶ್ನೆ. ಕರ್ನಾಟಕದಲ್ಲಿ ಅದೇ ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಯೋಜನೆ ಇದನ್ನೇ ಮೊದಲು ಮಾಡಿತ್ತು. ಸ್ಮಾರ್ಟ್‌ಫೋನ್ ಇರುವವರು, ಇಂಟರ್‌ನೆಟ್ ಇಲ್ಲದ ಫೋನಿನವರು, ಫೋನೇ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಮೇಷ್ಟ್ರುಗಳೇ ದೇವಸ್ಥಾನದ ಜಗಲಿಗೆ, ಸಮುದಾಯ ಭವನಕ್ಕೆ, ಮರದ ಕೆಳಗೆ ಹೋದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಅದು ಬೇರೆ ಮಾತು. ಮಗು ಎಲ್ಲಿದೆಯೋ ಅಲ್ಲಿಂದ ಪಾಠ ಶುರುವಾಗಬೇಕು ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ಹೊಸ ಕ್ರಮ ಹೀಗಿತ್ತು. ರಾತ್ರಿ ಎಂಟಕ್ಕೆ ವಾಟ್ಸಾಪಿನಲ್ಲಿ ಮೂರು ನಿಮಿಷದ ನನ್ನ ದನಿ, ಕೊನೆಯಲ್ಲಿ ಒಂದು ಲೆಕ್ಕ. ಪುಸ್ತಕ ನೋಡದೆ ಮಾಡಿ, ಫೋಟೋ ಕಳಿಸಬೇಕು. ಕಾಗದ ಇಲ್ಲದಿದ್ದರೆ ಬಿಲ್‌ಬುಕ್ಕಿನ ಹಿಂದೆ. ತಪ್ಪಾಗಿದ್ದರೆ ನಾನು ಉತ್ತರ ಹೇಳುವುದಿಲ್ಲ, "ಎರಡನೆಯ ಸಾಲಿನಲ್ಲಿ ಈ ಆರು ಎಲ್ಲಿಂದ ಬಂತು?" ಎಂದು ಕೇಳುತ್ತೇನೆ. ಸರಿಯಾದವರು ಅದನ್ನು ತಮ್ಮದೇ ಮಾತಿನಲ್ಲಿ ಇನ್ನೊಬ್ಬನಿಗೆ ಹೇಳಿ, ಆ ಆಡಿಯೋ ನನಗೂ ಕಳಿಸಬೇಕು. ಶನಿವಾರದ ಪ್ರಶ್ನೆ ಆ ವಾರದ್ದಲ್ಲ, ಹಿಂದಿನ ವಾರದ್ದು. ಭಾನುವಾರ ಒಬ್ಬೊಬ್ಬರಿಗೆ ಹತ್ತು ನಿಮಿಷ ಫೋನು. ಅದರಲ್ಲಿ ಆರು ನಿಮಿಷ ಲೆಕ್ಕ, ನಾಲ್ಕು ನಿಮಿಷ ಊರಿನ ಮಳೆ, ಅಮ್ಮನ ಮಂಡಿ ನೋವು, ಬಾರದ ಸಂಬಳ.

ಇದರಲ್ಲಿ ಒಬ್ಬ ಹುಡುಗನ ವಿಷಯ ಹೇಳಬೇಕು. ಬೈಕುಲ್ಲಾದಲ್ಲೇ ನಮ್ಮ ಮನೆಯಿಂದ ಏಳೆಂಟು ನಿಮಿಷದ ದೂರದ ಹೋಟೆಲಿನಲ್ಲಿ ಇದ್ದವನು. ಲಾಕ್‌ಡೌನಿನಲ್ಲಿ ಹೆಬ್ರಿಯ ಕಡೆ ತನ್ನ ಊರಿಗೆ ಹೋಗಿದ್ದ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ರಬ್ಬರ್ ತೋಟ ದಾಟಿ ಗುಡ್ಡ ಹತ್ತಿ, ಒಂದು ಮುರಕಲ್ಲಿನ ಮೇಲೆ ನಿಂತರೆ ಎರಡು ಗೀಟು ಸಿಗ್ನಲ್. ಅಲ್ಲಿ ನನ್ನ ದನಿ ಇಳಿಸಿಕೊಂಡು, ಮನೆಗೆ ಹೋಗಿ ಕೇಳಿ, ಲೆಕ್ಕ ಮಾಡಿ, ಮರುದಿನ ಸಂಜೆ ಮತ್ತೆ ಗುಡ್ಡಕ್ಕೆ. ಒಂದು ದಿನ ಅವನ ಉತ್ತರದ ಜೊತೆ ಒಂದು ಪ್ರಶ್ನೆಯೂ ಬಂತು:

"ಅಕ್ಕ, ಪುಸ್ತಕದಲ್ಲಿ ವ್ಯಾಪಾರಿ ಖರೀದಿಗೆ ಕೊಟ್ಟ ಟ್ಯಾಕ್ಸ್ ಕಳೆದು ಉಳಿದದ್ದು ಕಟ್ಟಿದರೆ ಸಾಕು ಅಂತ ಉಂಟು. ನಮ್ಮ ಧಣಿಗಳು ನಮಗೆ ಅದು ಸಿಗುದಿಲ್ಲ ಅಂತ ಬೈತಾ ಇರ್ತಾರೆ. ಯಾವುದು ಸರಿ?"

ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಎರಡೂ ಸರಿ. 10,000 ರೂಪಾಯಿಯ ಸಾಮಾನಿಗೆ ಶೇಕಡಾ 18ರಂತೆ 1,800 ತೆರಿಗೆ ಕೊಟ್ಟು ತಂದವನು ಅದನ್ನು 12,000ಕ್ಕೆ ಮಾರಿ 2,160 ವಸೂಲಿ ಮಾಡಿದರೆ, ಸರಕಾರಕ್ಕೆ ಕಟ್ಟುವುದು ವ್ಯತ್ಯಾಸದ 360 ಮಾತ್ರ. ಆದರೆ 2017ರ ನವೆಂಬರಿನಿಂದ ಶೇಕಡಾ 5ರ ದರದ ಹೋಟೆಲುಗಳಿಗೆ ಆ ಸೌಲಭ್ಯ ಇಲ್ಲ. ದರ ಕಡಿಮೆ, ಅದಕ್ಕೆ ಬದಲಾಗಿ ಕಳೆಯುವ ಹಕ್ಕೂ ಇಲ್ಲ. ನನ್ನ 42 ಸ್ಲೈಡುಗಳಲ್ಲಿ ಈ ವಿಷಯ ಬಂದಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದು. ಇವನು ಎರಡು ವರ್ಷ ದಿನಕ್ಕೆ ನೂರಾರು ಬಿಲ್ಲು ಮೇಜಿಗೆ ಕೊಂಡುಹೋದವನು. ಪ್ರತಿ ಬಿಲ್ಲಿನ ಕೆಳಗೆ ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5 ಎಂದು ಅಚ್ಚಾಗಿರುತ್ತದೆ. ನಾನು ಕಲಿಸಲು ಹೊರಟದ್ದನ್ನು ಅವನು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಒಂದು ಸಲ "ನಿಮ್ಮ ಹೋಟೆಲಿನ ಬಿಲ್ಲು ಹೇಗಿರ್ತದೆ?" ಎಂದು ಕೇಳಿದ್ದರೆ ಪಾಠ ಅರ್ಧ ಮುಗಿಯುತ್ತಿತ್ತು.

ಇದೇ ಹೊತ್ತಿಗೆ ನಾನೂ ಒಬ್ಬ ವಿದ್ಯಾರ್ಥಿನಿಯಾಗಿದ್ದೆ. ಆಫೀಸಿನಲ್ಲಿ ನಮ್ಮ ವಿಭಾಗಕ್ಕೆ ಎಂಟು ಜನ ಬೇಡ, ಐದು ಸಾಕು ಎಂಬ ಮಾತು ಓಡಾಡುತ್ತಿತ್ತು. ಡೇಟಾ ಕೆಲಸ ಬಲ್ಲವರು ಉಳಿಯುತ್ತಾರೆ ಎಂದರು. ನಿಮ್ಮಲ್ಲಿ ಅನೇಕರು ಮಾಡಿದಂತೆ ನಾನೂ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆ. 36 ಗಂಟೆಯ ವಿಡಿಯೋ. ಚಪಾತಿ ಹಿಟ್ಟು ನಾದುತ್ತ, ಬಟ್ಟೆ ಮಡಚುತ್ತ, ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಿದೆ. ಸರ್ಟಿಫಿಕೇಟ್ ಬಂತು. ಡಿಸೆಂಬರಿನಲ್ಲಿ ಮೇಲಧಿಕಾರಿ ಎರಡು ಪಟ್ಟಿ ಕೊಟ್ಟು, 90 ದಿನ ದಾಟಿದ ಬಾಕಿಯವರನ್ನು ಸೀಕ್ವೆಲ್‌ನಲ್ಲಿ ತೆಗೆದುಕೊಡು ಎಂದರು. ಖಾಲಿ ಪರದೆ ನೋಡುತ್ತ ಕೂತೆ. ಎಲ್ಲ ನೋಡಿದ್ದೇನೆ, ಎಲ್ಲ ಅರ್ಥವಾಗಿತ್ತು, ಒಂದು ಸಾಲು ಬರೆಯಲು ಬರುತ್ತಿಲ್ಲ. ಜುಲೈಯ ಆ ಎರಡು ನಿಮಿಷದ ಮೌನ ಎಂಥದ್ದಾಗಿತ್ತು ಎಂದು ಆಗ ಗೊತ್ತಾಯಿತು. ಆ ಮಕ್ಕಳು ಸುಳ್ಳು ಹೇಳಿರಲಿಲ್ಲ. ಕೇಳುವಾಗ ಅರ್ಥ ಆಗಿಯೇ ಇತ್ತು.

ಆಮೇಲೆ ಹುಡುಕಿ ಓದಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಹಾಗೆಯೇ ಇದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದು. ವಿಚಿತ್ರವೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಓದಿದವರಿಗೆ. ಆನ್‌ಲೈನ್ ವಿಡಿಯೋಗಳ ಬಗ್ಗೆ ಎಡೆಕ್ಸ್‌ನ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಇಟ್ಟುಕೊಂಡು 2014ರಲ್ಲಿ ಬಂದ ಇನ್ನೊಂದು ಅಧ್ಯಯನ, ವಿಡಿಯೋ ಎಷ್ಟೇ ಉದ್ದವಿದ್ದರೂ ಸಾಮಾನ್ಯ ವಿದ್ಯಾರ್ಥಿ ಆರು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದಿತು. ಅಪ್ಪನಿಗೆ ಹೇಳಿದೆ. "ನಮ್ಮ ಮೇಷ್ಟ್ರು ಹತ್ತು ನಿಮಿಷ ಹೇಳ್ತಿದ್ದರು, ನಾಲ್ಕು ನಿಮಿಷ ಜಾಸ್ತಿಯಾಯಿತು" ಎಂದು ನಕ್ಕರು.

ಡೊಂಬಿವಿಲಿಯಲ್ಲಿರುವ ಕಲಬುರ್ಗಿ ಕಡೆಯ ಸಹೋದ್ಯೋಗಿ ಒಬ್ಬಳಿದ್ದಾಳೆ. ಅವಳೂ ಅದೇ ಕೋರ್ಸು ಮಾಡಿ ಅದೇ ಗತಿಯಲ್ಲಿದ್ದಳು. ರಾತ್ರಿ ಹತ್ತಕ್ಕೆ ಇಬ್ಬರೂ ಫೋನು ಹಚ್ಚಿ ಕೂರುವುದೆಂದು ಮಾಡಿಕೊಂಡೆವು. ವಿಡಿಯೋ ಬಂದ್. ಒಬ್ಬಳು ಪ್ರಶ್ನೆ ಹಾಕಬೇಕು, ಇನ್ನೊಬ್ಬಳು ಬರೆಯಬೇಕು. "ನನಗೆ ಅರ್ಥ ಆಯ್ತು" ಎಂದರೆ ಅವಳು ಬಿಡುತ್ತಿರಲಿಲ್ಲ: "ತಿಳೀತೇನು? ಹಂಗಾದ್ರ ನನಗ ತಿಳಿಸಿ ಹೇಳು ನೋಡೂಣು." ಒಮ್ಮೆ ಅವಳು ತನ್ನ ತಂದೆಯ ಮಾತು ಹೇಳಿದಳು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಬಂತಲ್ಲ, ಸೈಟ್ ಎಂದು ಕರೆದದ್ದು, ಅದರಲ್ಲಿ ಕರ್ನಾಟಕದ ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅವಳ ತಂದೆ ಆಗ ಶಾಲೆಯ ಹುಡುಗ. ಟಿವಿ ನೋಡಲು ಊರೇ ಸೇರುತ್ತಿತ್ತಂತೆ. ಪಾಠಗಳಲ್ಲಿ ಅವರಿಗೆ ಈಗಲೂ ನೆನಪಿರುವುದು ಒಂದೆರಡೇ. ಅವು, ಟಿವಿ ಮುಗಿದ ಮೇಲೆ ಮಾಸ್ತರರು ಎದ್ದು ನಿಂತು "ಈಗ ಏನ್ ನೋಡಿದಿ, ಹೇಳು" ಎಂದು ಅವರನ್ನೇ ಎಬ್ಬಿಸಿ ಕೇಳಿದ ದಿನಗಳದ್ದು. ಉಪಗ್ರಹ ಇದ್ದರೂ ಕೇಳುವವರೊಬ್ಬರು ಬೇಕು.

ಆ ಡಿಸೆಂಬರಿನಲ್ಲೇ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತ್‌ಸಿಂಹ ಡಿಸಲೆ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚುವುದಾಗಿ ಅವರು ಹೇಳಿದ್ದು ದೊಡ್ಡ ಸುದ್ದಿಯಾಯಿತು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಹಾಕಿದ ಮೇಷ್ಟ್ರು ಎಂದು ಪತ್ರಿಕೆಗಳು ಬರೆದವು. ನನ್ನ ಗಮನ ಸೆಳೆದದ್ದು ಪ್ರಶಸ್ತಿಯವರು ಕೊಟ್ಟ ಪರಿಚಯದ ಇನ್ನೊಂದು ಸಾಲು. ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಆ ಭಾಷೆಯಲ್ಲಿಲ್ಲ, ಹಾಗಾಗಿ ಆ ಮೇಷ್ಟ್ರು ಮೊದಲು ಕನ್ನಡ ಕಲಿತರು ಎಂದು ಅದರಲ್ಲಿತ್ತು. ಕ್ಯೂಆರ್ ಕೋಡ್ ಬಂದದ್ದು ಆಮೇಲೆ.

ಫೆಬ್ರವರಿಯ ಹೊತ್ತಿಗೆ ನಮ್ಮ ಗುಂಪಿನಲ್ಲಿ ಆರು ಜನ ಉಳಿದಿದ್ದರು. ಕ್ಯಾಮೆರಾದ ಹುಡುಗನಲ್ಲದೆ ಇನ್ನೂ ನಾಲ್ವರು ಬಿಟ್ಟಿದ್ದರು. ಇಬ್ಬರಿಗೆ ಹೋಟೆಲು ತೆರೆದ ಮೇಲೆ ಬಿಡುವು ಸಿಗಲಿಲ್ಲ, ಒಬ್ಬನ ಫೋನ್ ಹಾಳಾಯಿತು, ಒಬ್ಬ ಯಾಕೆ ಬಿಟ್ಟ ಎಂದು ನನಗೆ ತಿಳಿಯಲೇ ಇಲ್ಲ. ಉತ್ತಮ ಕ್ರಮ ಸಿಕ್ಕಿದರೆ ಎಲ್ಲರೂ ಉಳಿಯುತ್ತಾರೆ ಎಂದು ನಾನು ಹೇಳಲಾರೆ. ಉಳಿದ ಆರು ಜನ ಮಾತ್ರ ಲೆಕ್ಕವನ್ನು ಒಬ್ಬರಿಗೊಬ್ಬರು ಬೈದುಕೊಂಡು ಹೇಳಿಕೊಡುವಷ್ಟು ಕಲಿತಿದ್ದರು. ನಾನು ಮಾತಾಡುವುದು ಕಡಿಮೆಯಾಗಿತ್ತು. ಗುಡ್ಡದ ಹುಡುಗ ಬೈಕುಲ್ಲಾಕ್ಕೆ ವಾಪಸ್ ಬಂದಿದ್ದ.

2021ರ ಏಪ್ರಿಲ್ 20ರಂದು ಮಹಾರಾಷ್ಟ್ರ ಸರಕಾರ ಹತ್ತನೆಯ ತರಗತಿಯ ಪರೀಕ್ಷೆ ರದ್ದು ಮಾಡಿತು. ಎಲ್ಲರೂ ಪಾಸು. ನಿಜ ಹೇಳಬೇಕೆಂದರೆ ನನಗೆ ಮೊದಲು ಸಮಾಧಾನವಾಯಿತು, ಆ ಮೇಲೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಅಷ್ಟು ದಿನ ಗುಡ್ಡ ಹತ್ತಿಳಿದದ್ದು ಯಾವ ಕಾಗದದಲ್ಲೂ ಕಾಣಿಸುವುದಿಲ್ಲ. ರಾತ್ರಿ ಎಂಟಕ್ಕೆ ಏನೂ ಕಳಿಸಲಿಲ್ಲ. ಎಂಟೂ ಕಾಲಿಗೆ ಅವನ ಮೆಸೇಜು ಬಂತು.

"ಅಕ್ಕ, ಪರೀಕ್ಷೆ ಇಲ್ಲ ಅಂತಾದರೆ ಇವತ್ತಿನ ಲೆಕ್ಕವೂ ಇಲ್ವಾ?"

ಲೆಕ್ಕ ಕಳಿಸಿದೆ. ಮೇ ತಿಂಗಳ ಕೊನೆಯ ತನಕ ಕಳಿಸಿದೆ. ಆರರಲ್ಲಿ ನಾಲ್ಕು ಜನ ಕೊನೆಯ ತನಕ ಮಾಡಿದರು.

ನನ್ನ ಕೆಲಸ ಉಳಿಯಿತು. ಡೊಂಬಿವಿಲಿಯವಳದ್ದೂ ಉಳಿಯಿತು. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು. ಆ ಹುಡುಗ ಈಗ ಅದೇ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾನೆ, ದೂರಶಿಕ್ಷಣದಲ್ಲಿ ಬಿ.ಕಾಂ. ಕೊನೆಯ ವರ್ಷ. ಕಳೆದ ತಿಂಗಳು ತರಕಾರಿ ಮಾರ್ಕೆಟ್ಟಿಗೆ ಹೋಗಿ ಬರುವಾಗ ಚಹಾಕ್ಕೆ ಒಳಗೆ ಹೋದೆ. ಗಲ್ಲೆಯ ಪಕ್ಕದಲ್ಲಿ ಊರಿನಿಂದ ಹೊಸದಾಗಿ ಬಂದ ಒಬ್ಬ ಸಣ್ಣ ಹುಡುಗ ಪೆನ್ನು ಹಿಡಿದು ನಿಂತಿದ್ದ. ಮುಂದೆ ಒಂದು ಬಿಲ್ಲು ಮಗುಚಿ ಇಟ್ಟಿತ್ತು. ಈ ವರ್ಷ ರಾತ್ರಿ ಶಾಲೆಗೆ ಸೇರಿದ್ದಾನಂತೆ.

"ಇವನಿಗೆ ಬೆಳಿಗ್ಗೆಯಿಂದ ಹೇಳಿಕೊಡ್ತಾ ಇದ್ದೇನೆ ಅಕ್ಕ" ಎಂದ. "ಅರ್ಥ ಆಯ್ತು ಅಂತಾನೆ."

"ಮತ್ತೆ?"

"ನಾನು ನಂಬ್ಲಿಲ್ಲ" ಎಂದು ಬಿಲ್ಲನ್ನು ಆ ಹುಡುಗನ ಕಡೆ ಸರಿಸಿದ. ಹುಡುಗ ಬರೆಯತೊಡಗಿದ. ಹೊರಗೆ ಲೋಕಲ್ ಹೋಯಿತು. ನಾವಿಬ್ಬರೂ ಅದು ದಾಟುವ ತನಕ ಮಾತಾಡಲಿಲ್ಲ.